ಫ್ರಿಜ್ಜಿನ ಕೆಳಗಿನ ಫುಟ್‌ಪಾತು

ಸರ್ಕಾರದ ಖರ್ಚಿನ ಬಗ್ಗೆ ನನ್ನ ಹತ್ತಿರ ಇರುವಷ್ಟು ಅಭಿಪ್ರಾಯಗಳು ಖರ್ಚು ಮಾಡುವ ಸರ್ಕಾರದ ಹತ್ತಿರವೂ ಇರಲಿಕ್ಕಿಲ್ಲ. ಬೆಳಿಗ್ಗೆ ಬೊರಿವಲಿಯಲ್ಲಿ ಲೋಕಲ್ ಹತ್ತಿದರೆ ಅಂಧೇರಿಯವರೆಗೆ ರಸ್ತೆ, ದಾದರಿನವರೆಗೆ ಶಾಲೆ, ಅಲ್ಲಿಂದ ಗ್ರಾಂಟ್ ರೋಡಿನವರೆಗೆ ಪ್ರಾಮಾಣಿಕತೆ, ಹೀಗೆ ಸ್ಟೇಶನ್ ಪ್ರಕಾರ ವಿಷಯ ಹಂಚಿಕೊಂಡು ಮಾತಾಡುತ್ತೇನೆ. (ಫಾಸ್ಟ್ ಲೋಕಲ್ ಸಿಕ್ಕ ದಿನ ಪ್ರಾಮಾಣಿಕತೆಗೆ ಸಮಯ ಸಾಲುವುದಿಲ್ಲ.) ಎದುರಿಗೆ ಕೂತವರು ಕಣ್ಣು ಮುಚ್ಚಿ ಕೇಳುತ್ತಾರೆ. ನಿದ್ದೆ ಎಂದು ಕೆಲವರು ಹೇಳುತ್ತಾರೆ, ನಾನು ಏಕಾಗ್ರತೆ ಎಂದು ತಿಳಿದುಕೊಂಡಿದ್ದೇನೆ.

ನನ್ನ ಹೆಸರು ಶಶಿಕಾಂತ. ಮೂಲ ವಿಜಯಪುರದ ಕಡೆ, ಈಗ ಗ್ರಾಂಟ್ ರೋಡಿನ ಒಂದು ಇಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಮ್ಯಾನೇಜರ್. ಶಾಲೆಗಳಿಗೆ ಸ್ಮಾರ್ಟ್ ಬೋರ್ಡ್ ಕೊಡಿಸುವವರು ಅದರ ಪ್ಲಗ್ ಚುಚ್ಚಲು ಗೋಡೆಯಲ್ಲಿ ಸಾಕೆಟ್ ಇದೆಯೋ ಇಲ್ಲವೋ ನೋಡುವುದಿಲ್ಲ ಎಂಬಂಥ ತಾಂತ್ರಿಕ ಅಭಿಪ್ರಾಯಗಳೂ ನನ್ನಲ್ಲಿವೆ. ಆದರೆ ಮನೆಯಲ್ಲಿ ಇವಕ್ಕೆ ಗಿರಾಕಿ ಇಲ್ಲ. "ಚಪ್ಪಲಿ ಹೊರಗ ಬಿಡ್ರಿ. ಅಭಿಪ್ರಾಯನೂ ಅಲ್ಲೇ ಬಿಟ್ಟು ಒಳಗ ಬರ್ರಿ," ಎನ್ನುತ್ತಾಳೆ ಹೆಂಡತಿ ಶಿವಕುಮಾರಿ. ನಮ್ಮವ್ವ ಚನ್ನವ್ವನಿಗೆ ನಾನು ಸರ್ಕಾರ ಎಂದ ಕೂಡಲೇ ಕಿವಿ ಕೇಳಿಸುವುದಿಲ್ಲ. ಚಹಾ ಎಂದರೆ ಕೇಳಿಸುತ್ತದೆ.

ಬಾಯಿ ತೆರೆದು ಕೇಳುವವಳು ಒಬ್ಬಳೇ, ಏಳನೆಯ ಇಯತ್ತೆ ಓದುತ್ತಿರುವ ಮಗಳು ಸ್ನೇಹಲ್. ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಇಳಿದು ಹಿಂದಿಯ ಗಾಡಿ ಹತ್ತಿಬಿಡುತ್ತಾಳೆ. ಪಪ್ಪಾ ಹೇಳಿದ್ದೆಲ್ಲ ನಿಜ ಎಂದು ನಂಬುವ ಜೀವ ಈ ಇಡೀ ಮುಂಬಯಿಯಲ್ಲಿ ಅದೊಂದೇ. ಆ ನಂಬಿಕೆ ಹೋದರೆ ನನ್ನಲ್ಲಿ ಉಳಿಯುವುದು ಬರೀ ಅಭಿಪ್ರಾಯಗಳು.

ಸಂಕ್ರಾಂತಿ ಮುಗಿದ ವಾರ ನಾನು ಫುಟ್‌ಪಾತಿನ ಮೇಲೆ ಬಿದ್ದೆ. ನಮ್ಮ ಬಿಲ್ಡಿಂಗಿನಿಂದ ಸ್ಟೇಶನ್ನಿಗೆ ಹೋಗುವ ಫುಟ್‌ಪಾತಿಗೆ ಪೇವರ್ ಬ್ಲಾಕ್ ಹಾಸಿದ್ದರು. ಅಂದರೆ ಇಟ್ಟಿಗೆಗಿಂತ ದಪ್ಪನೆಯ, ಅಂಕುಡೊಂಕು ಅಂಚಿನ ಸಿಮೆಂಟ್ ಕಲ್ಲು. ಅಲ್ಲಲ್ಲಿ ಕಲ್ಲು ಮಾಯವಾಗಿ ಕುಳಿ ಬಿದ್ದಿತ್ತು. ಅಂಥ ಒಂದು ಕುಳಿಯೊಳಗೆ ನನ್ನ ಬಲಗಾಲಿನ ಹೆಬ್ಬೆರಳು ಹೋಯಿತು, ಹಾಲಿನ ಪಾಕೀಟು ಒಡೆಯಿತು, ಪೌರಪ್ರಜ್ಞೆ ಎಚ್ಚರವಾಯಿತು. ಕುಂಟುತ್ತಲೇ ಕುಳಿಗಳನ್ನು ಎಣಿಸಿದೆ. ಮೂವತ್ತನಾಲ್ಕು!

ಕೂಡಲೇ ವಾರ್ಡ್ ಆಫೀಸಿಗೆ ಮೊಬೈಲಿನಲ್ಲಿ ಫೋಟೋ ಸಹಿತ ದೂರು ಕೊಟ್ಟೆ. 'ಕಾಣೆಯಾದ ಕಲ್ಲುಗಳು ಎಲ್ಲಿವೆ ಎಂಬುದನ್ನು ಪತ್ತೆ ಹಚ್ಚಿ ನಾಗರಿಕರಿಗೆ ತಿಳಿಸತಕ್ಕದ್ದು' ಎಂದು ಖಡಕ್ಕಾಗಿ ಬರೆದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಫರ್ಮಾನು ಹೊರಡಿಸಿದೆ: 'ಯಾರಾದರೂ ಪೇವರ್ ಬ್ಲಾಕ್ ಸಾಗಿಸುವುದು ಕಂಡರೆ ಫೋಟೋ ತೆಗೆದು ಹೆಸರು ಸಮೇತ ಇಲ್ಲಿ ಹಾಕಿರಿ. ಒಂದು ಕಲ್ಲು ಕದ್ದವನು ದೇಶದ ಅಡಿಪಾಯವನ್ನೇ ಕದ್ದಂತೆ.' ಹನ್ನೊಂದು ಜನ ಹೆಬ್ಬೆರಳು ಎತ್ತಿ ತೋರಿಸಿದರು. (ನನ್ನದು ಬಾತುಕೊಂಡಿತ್ತು.)

ಅದೇ ಹೊತ್ತಿಗೆ ಸ್ನೇಹಲಳ ಶಾಲೆಯಲ್ಲಿ ನಾಗರಿಕ ಶಾಸ್ತ್ರದ ಪ್ರಾಜೆಕ್ಟ್ ಬಂತು: 'ನನ್ನ ಬಡಾವಣೆಯ ಒಬ್ಬ ಪ್ರಾಮಾಣಿಕ ನಾಗರಿಕ'. ಉಳಿದ ಮಕ್ಕಳು ಡಾಕ್ಟರು, ಪೋಸ್ಟ್‌ಮನ್, ನಿವೃತ್ತ ಸೈನಿಕ ಎಂದು ಹುಡುಕುತ್ತಿದ್ದಾಗ ಇವಳು ಸೀದಾ ನನ್ನ ಹೆಸರು ಬರೆದಳು. ಎಂಟು ಪುಟ! ವೈಶಾಲಿ ಟೀಚರ್ ಓದಿ ಮೆಚ್ಚಿ, ಶನಿವಾರ ಬೆಳಿಗ್ಗೆ ಇಡೀ ವರ್ಗವನ್ನು ಘೋಷಣೆ ಕೂಗಿಸುತ್ತ ಫೇರಿಯಲ್ಲಿ ಅದೇ ಫುಟ್‌ಪಾತಿಗೆ ಕರೆತರುವುದೆಂದೂ, ಅಲ್ಲಿ ನಾನು 'ಸಾರ್ವಜನಿಕ ಆಸ್ತಿ ಮತ್ತು ಪ್ರಾಮಾಣಿಕತೆ' ಕುರಿತು ಹತ್ತು ನಿಮಿಷ ಮಾತಾಡುವುದೆಂದೂ ಠರಾಯಿಸಿದರು. ನನ್ನ ಮಾತು ಕೇಳಲೆಂದೇ ಜನ ಬರುವುದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಶುಕ್ರವಾರ ಸಂಜೆ ಕನ್ನಡಿಯ ಮುಂದೆ ಭಾಷಣ ಉರು ಹೊಡೆಯುತ್ತಿದ್ದೆ. ಸ್ನೇಹಲ್ ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ಪೇವರ್ ಬ್ಲಾಕಿನ ಚಿತ್ರ ಬರೆಯಬೇಕಿತ್ತು.

"ನಡಿಯವ್ವ, ಹೊರಗ ಹೋಗಿ ಒಂದು ನೋಡಿ ಬರೂಣು," ಎಂದೆ.

"ಬಾಹರ್ ಯಾಕೆ ಪಪ್ಪಾ? ಫ್ರಿಜ್ ಕೆ ನೀಚೆ ನಾಕು ಅದಾವಲ್ಲ," ಎಂದಳು, ಪೆನ್ಸಿಲ್ ಚೂಪು ಮಾಡುತ್ತ.

ನಾನು ನಕ್ಕೆ. ಆಮೇಲೆ ಬಗ್ಗಿ ನೋಡಿದೆ. ನಾಲ್ಕು ಕಾಲಿಗೆ ನಾಲ್ಕು, ಅಂಕುಡೊಂಕು ಅಂಚಿನ ಸಾಕ್ಷಾತ್ ಸಾರ್ವಜನಿಕ ಆಸ್ತಿ! ಮೊಣಕಾಲ ಮೇಲೆಯೇ ಮನೆಯೆಲ್ಲ ತಿರುಗಿದೆ. ವಾಷಿಂಗ್ ಮಷೀನಿನ ಕೆಳಗೆ ಎರಡು. ಸೋಫಾದ ಮುರಿದ ಕಾಲಿನ ಜಾಗದಲ್ಲಿ ಒಂದು. ಆ ಸೋಫಾದ ಮೇಲೆ ಕೂತೇ ನಾನು ವರ್ಷ ವರ್ಷವೂ ಬಜೆಟ್ಟನ್ನು ಖಂಡಿಸಿದ್ದು. ಬಚ್ಚಲಲ್ಲಿ ಬಕೆಟ್ಟಿನ ಕೆಳಗೆ ಒಂದು, ಉಪ್ಪಿನಕಾಯಿ ಭರಣಿಯ ಮೇಲೆ ಪ್ಲಾಸ್ಟಿಕ್ ಸುತ್ತಿಸಿಕೊಂಡು ಒಂದು, ಬಾಗಿಲು ಬಡಿಯದಂತೆ ಒಂದು, ದೇವರ ಜಗಲಿಯಲ್ಲಿ ದೀಪದ ಕೆಳಗೆ ವಿಭೂತಿ ಹಚ್ಚಿಸಿಕೊಂಡು ಒಂದು. ಒಟ್ಟು ಹನ್ನೊಂದು.

"ಶಿವಕುಮಾರೀ! ಇವನ್ನೆಲ್ಲ ಯಾರು ತಂದಾರ?"

"ಯಾಕ್ರೀ ಒದರತೀರಿ? ಫ್ರಿಜ್ಜಿನವು ನೀವಽ ತಂದೀರಿ. ಮಳಿಗಾಲದಾಗ ಮನ್ಯಾಗ ನೀರು ಹೊಕ್ಕಾಗ, ಚಡ್ಡಿ ಮ್ಯಾಲೆ ಓಡಿ ಹೋಗಿ ಬಗಲಾಗ ಎರಡೆರಡು ಹಿಡಕೊಂಡು ಬಂದ್ರಿ. 'ಹೆಂಗೈತಿ ನನ್ನ ಐಡಿಯಾ' ಅಂತ ಮತ್ತ ನನ್ನ ಕೇಳಿದ್ರಿ."

ನೆನಪಾಯಿತು. ಆಗ ಬಹಳ ಹೆಮ್ಮೆಪಟ್ಟದ್ದೂ ನೆನಪಾಯಿತು.

"ಅವು ಕಿತ್ತು ಬಿದ್ದಿದ್ವು. ಬಿದ್ದದ್ದು ಬ್ಯಾರೆ, ಹಾಸಿದ್ದು ಬ್ಯಾರೆ."

"ಹಂಗಾದ್ರ ಉಪ್ಪಿನಕಾಯಿದೂ ಬಿದ್ದಿತ್ತು. ನಾ ಎತ್ತಿ, ತೊಳದು, ಒಣಗಿಸಿ ಇಟ್ಟೇನಿ. ಬಿಸಲಾಗ ಬಿದ್ದಿದ್ರ ಹಾಳಾಗತಿತ್ತು."

"ಅವ್ವಾ, ದೇವರ ಮುಂದಿಂದು?"

ಅವ್ವನಿಗೆ ಅಂದು ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ತಮ್ಮಾ, ಸರಕಾರ ಅಂದ್ರ ಬ್ಯಾರೆ ಯಾರೂ ಅಲ್ಲ, ನಾವಽ ಅಂತ ದಿನಾ ನೀನಽ ಅಂತಿ. ನಮ್ಮ ಕಲ್ಲು ನಾವು ತಂದೇವಿ. ತಪ್ಪೇನೈತಿ?"

ಇದು ನನ್ನದೇ ಅಭಿಪ್ರಾಯ, ಸಾಮಾನ್ಯವಾಗಿ ಮಲಾಡಿನ ಹತ್ತಿರ ಹೇಳುವಂಥದ್ದು. ಅದನ್ನು ತಿರುಗಿಸಿ ನನಗೇ ಯಾರೂ ಹೇಳಿರಲಿಲ್ಲ. ಅವ್ವ ಹೇಳಿದ್ದು ಸರಿಯೋ, ನಾನು ಇಷ್ಟು ದಿನ ಹೇಳಿದ್ದು ತಪ್ಪೋ ಒಂದೂ ತಿಳಿಯಲಿಲ್ಲ.

ಸ್ನೇಹಲ್ ಪೆನ್ಸಿಲ್ ಕೆಳಗಿಟ್ಟಿದ್ದಳು. "ಪಪ್ಪಾ, ಮತಲಬ್... ಹಮ್ ಚೋರ್ ಹೈಂ ಕ್ಯಾ?"

ಇಪ್ಪತ್ತು ವರ್ಷಗಳಿಂದ ಮಾಲೀಕನಿಂದ, ಟಿ.ಸಿ.ಯಿಂದ, ಹೆಂಡತಿಯಿಂದ ಬೈಸಿಕೊಂಡು ಪಳಗಿದವನಿಗೆ ಆ ಒಂದು ಪ್ರಶ್ನೆಯಿಂದ ಆದಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಅಲ್ಲವ್ವ... ಮರತಿದ್ವಿ ಅಷ್ಟ. ನಾಳೆ ಮುಂಜಾನೆ ನಿಮ್ಮ ಫೇರಿ ಬರೂದ್ರೊಳಗ ಎಲ್ಲಾ ವಾಪಸ್ ಇಟ್ಟು ಬರ್ತೀನಿ."

"ಪ್ರಾಮಿಸ್?"

"ಪ್ರಾಮಿಸ್."

"ಫಿರ್ ಲಾಸ್ಟ್ ಪೇಜ್ ನಾಳೆ ಮಾಡ್ತೇನೆ," ಎಂದು ವಹಿ ಮುಚ್ಚಿಟ್ಟಳು.

ಬೆಳಗಾದ ಕೂಡಲೇ ಫ್ರಿಜ್ಜನ್ನು ನೆಲಕ್ಕಿಳಿಸಿದೆ, ಮಷೀನನ್ನು ಇಳಿಸಿದೆ, ಸೋಫಾವನ್ನು ಕುಂಟನನ್ನಾಗಿ ಮಾಡಿದೆ. ದೇವರ ಮುಂದಿನದನ್ನು ಮಾತ್ರ ಅವ್ವ ಮುಟ್ಟಗೊಡಲಿಲ್ಲ. "ಪೂಜಿ ಆದ ಕಲ್ಲು. ಮಂದಿ ಕಾಲಡಿ ಹಾಕತಿಯೇನು?" ಎಂದಳು. ಉಳಿದ ಹತ್ತನ್ನು ಊರಿಗೆ ಹೋಗುವಾಗಿನ ಚಕ್ರದ ಸೂಟ್‌ಕೇಸಿನಲ್ಲಿ ತುಂಬಿ ಎಳೆದೆ. ಗೇಟಿನ ಹತ್ತಿರ ಒಂದು ಚಕ್ರ ಕಿತ್ತು ಬಂತು. "ಗಾಂವ್ ಜಾ ರಹೇ ಹೋ ಸಾಬ್?" ಎಂದ ವಾಚ್‌ಮನ್. "ಹಾಂ" ಎಂದೆ. ಪ್ರಾಮಾಣಿಕತೆಯ ಕಡೆಗೆ ಹೊರಟ ಪ್ರಯಾಣದಲ್ಲಿ ಅದು ಮೊದಲ ಸುಳ್ಳು.

ಎರಡು ದಿನದಿಂದ ಫುಟ್‌ಪಾತಿಗೆ ತಗಡಿನ ಮರೆ ಕಟ್ಟಿದ್ದರು. ಅಂಥ ತಗಡುಗಳ ಹಿಂದೆ ಏನೂ ನಡೆಯುವುದಿಲ್ಲ ಎಂಬುದು ನನ್ನ ಹಳೆಯ ಅಭಿಪ್ರಾಯ. ಹೋಗಿ ನೋಡುತ್ತೇನೆ, ತಗಡು ತೆಗೆದಿದ್ದಾರೆ, ಫುಟ್‌ಪಾತು ಪೂರ್ತಿ ಹೊಸದು! ಆರು ಮೂಲೆಯ ಕೆಂಪು ಬ್ಲಾಕುಗಳು, ಒಂದಕ್ಕೊಂದು ಅಂಟಿಕೊಂಡು ನುಣ್ಣಗೆ ಹಾಸಿಕೊಂಡಿವೆ. ಒಬ್ಬ ಸಾಮಾನ್ಯ ನಾಗರಿಕನ ದೂರಿಗೆ ಇಷ್ಟು ಬೆಲೆ! ಎದೆಯುಬ್ಬಿ ಎರಡು ನಿಮಿಷ ನಿಂತೆ. ಮೂರನೆಯ ನಿಮಿಷಕ್ಕೆ ಹೊಳೆಯಿತು, ಕುಳಿಯೇ ಇಲ್ಲ. ನನ್ನ ಹತ್ತು ಕಲ್ಲುಗಳನ್ನು ವಾಪಸ್ ಇಡುವುದು ಎಲ್ಲಿ?

ಪಕ್ಕದಲ್ಲಿ ಕೆಲಸದ ಮುಕಾದಮ ಚಹಾ ಕುಡಿಯುತ್ತ ಕೂತಿದ್ದ. ಗತ್ತಿನಿಂದ, "ಭಾಯಿಸಾಬ್, ಯೇ ಪುರಾನಾ ಬ್ಲಾಕ್ ಕಿಧರ್ ಜಮಾ ಕರನೇಕಾ?" ಎನ್ನುತ್ತ ಒಂದನ್ನು ಎತ್ತಿದೆ. ಅದು ಜಾರಿ ಬಾತ ಹೆಬ್ಬೆರಳಿನ ಮೇಲೆಯೇ ಬಿತ್ತು. "ಯಪ್ಪಾ, ಸತ್ತೆನಲ್ಲೋ!" ಎಂದು ಅಪ್ಪಟ ಕನ್ನಡದಲ್ಲಿ ಚೀರಿದೆ.

"ಯಾವೂರ್ರಿ ಸಾಹೇಬ್ರ ನಿಮ್ದು?" ಎಂದು ಅವನು ಅರಳಿದ. "ನಂದು ಕಲಬುರಗಿ ಕಡಿ. ಶರಣಬಸಪ್ಪ ಅಂತಾರ."

ನಮ್ಮ ಕಡೆಯವನೇ ಸಿಕ್ಕನಲ್ಲ, ಕೆಲಸವಾಯಿತು ಎಂದುಕೊಂಡೆ. "ಇವು ಹತ್ತು ಇಟ್ಕೋ ಮಾರಾಯಾ," ಎಂದೆ.

"ಹಳೀ ಮಾಲೆಲ್ಲ ನಿನ್ನೇನೇ ಗಾಡ್ಯಾಗ ಹೇರಿ ಕಳಿಸೀವ್ರಿ. ಈಗ ಹತ್ತು ಬಂದ್ರ, ಎಲ್ಲಿಂದ ಬಂದ್ವು ಅಂತ ನನಗ ಕೇಳ್ತಾರ."

"ಹಂಗಾದ್ರ ಇಲ್ಲೇ ಮೂಲ್ಯಾಗ ಇಟ್ಟು ಹೋಗ್ತೀನಿ."

"ಇಟ್ರ ಅದು ಡೆಬ್ರಿಸ್, ಅಂದ್ರ ಕಟ್ಟಡದ ಕಸ ಆಗ್ತದರಿ. ರಸ್ತಾದಾಗ ಡೆಬ್ರಿಸ್ ಒಗದ್ರ ದಂಡ ಹಾಕ್ತಾರ."

"ಅಂದ್ರ ಒಯ್ದ್ರ ಕಳವು, ತಂದ್ರ ದಂಡ?"

"ಮನ್ಯಾಗ ಇಟ್ಕೊಂಡ್ರ ಏನೂ ಇಲ್ಲ ನೋಡ್ರಿ," ಎಂದು ಅವನು ಚಹಾದ ಗ್ಲಾಸು ಕೆಳಗಿಟ್ಟ.

ಪ್ರಾಮಾಣಿಕನಾಗಬೇಕು ಎಂದು ಶಾಲೆಯ ಪುಸ್ತಕದಲ್ಲಿ ಪಾಠ ಇದೆ. ಆಗಲು ಹೊರಟವನು ಸಾಮಾನನ್ನು ಯಾವ ಕೌಂಟರಿನಲ್ಲಿ ಕೊಡಬೇಕು ಎಂಬುದು ಯಾವ ಪಾಠದಲ್ಲೂ ಇಲ್ಲ. ಹೀಗೆ ಯೋಚಿಸುತ್ತ, ತೆರೆದ ಸೂಟ್‌ಕೇಸಿನ ಮುಂದೆ ಒಂದು ಕಲ್ಲನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದಾಗಲೇ ಘೋಷಣೆ ಕೇಳಿಸಿತು. "ಸಾರ್ವಜನಿಕ್ ಸಂಪತ್ತಿ, ಹಮಾರೀ ಸಂಪತ್ತಿ!" ಮಕ್ಕಳು ಅರ್ಧ ಗಂಟೆ ಮೊದಲೇ ಬಂದಿದ್ದರು. ಮುಂದೆ ನನ್ನ ಮಗಳು, ಕೈಯಲ್ಲಿ ಫಲಕ. ಅದೇ ಹೊತ್ತಿಗೆ ವಾಕಿಂಗಿಗೆ ಬಂದಿದ್ದ ನಮ್ಮ ಸೊಸೈಟಿಯ ಸೆಕ್ರೆಟರಿ ಕಿಶೋರ ನನ್ನ ಫರ್ಮಾನಿನಂತೆಯೇ ಕಿಸೆಯಿಂದ ಮೊಬೈಲು ತೆಗೆದು ಫೋಟೋ ಹೊಡೆದ.

ವೈಶಾಲಿ ಟೀಚರ್ ಸೂಟ್‌ಕೇಸ್ ನೋಡಿದರು, ನನ್ನನ್ನು ನೋಡಿದರು, ಮುಖ ಅರಳಿಸಿದರು. "ಸರ್, ಡೆಮೊ ಕೆ ಲಿಯೇ ಲಾಯೇ ಹೈಂ ನಾ? ವಾಹ್!"

ಪಾರಾಗುವ ಬಾಗಿಲನ್ನು ಅವರೇ ತೆರೆದುಕೊಟ್ಟಿದ್ದರು. ಒಂದು 'ಹಾಂ' ಸಾಕಿತ್ತು. ವಾಚ್‌ಮನ್ನನಿಗೆ ಹೇಳಿದ್ದು ಇನ್ನೂ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸ್ನೇಹಲಳ ಫಲಕ ಮೊಣಕಾಲಿನವರೆಗೆ ಇಳಿದಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸೂಟ್‌ಕೇಸನ್ನೇ ನೋಡುತ್ತಿದ್ದಳು. ಹತ್ತು ನಿಮಿಷದ ಭಾಷಣ ಪೂರ್ತಿ ಮರೆತುಹೋಯಿತು.

"ಡೆಮೊ ನಹೀಂ ಹೈ ಟೀಚರ್. ಯೇ ಹಮಾರೇ ಘರ್ ಮೇಂ ಥಾ. ಫ್ರಿಜ್ ಕೆ ನೀಚೆ. ಮೈಂ ಹೀ ಲೇ ಗಯಾ ಥಾ."

ಒಯ್ದವನು ನಾನೇ ಎಂದು ಮಕ್ಕಳೆದುರೇ ಒಪ್ಪಿಕೊಂಡಿದ್ದೆ. ಆಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. "ಅಂಕಲ್, ಹಮಾರೇ ಘರ್ ಮೇಂ ಭೀ ಹೈ! ಅಕ್ವೇರಿಯಮ್ ಕೆ ನೀಚೆ!" ಇನ್ನೊಂದು ಕೈ, ಕಪಾಟಿನ ಕೆಳಗೆ. ಇನ್ನೊಂದು, ನೀರಿನ ಡ್ರಮ್ಮಿನ ಕೆಳಗೆ. ನೋಡುನೋಡುತ್ತ ಮುಕ್ಕಾಲು ವರ್ಗದ ಕೈ ಮೇಲೆ! ವೈಶಾಲಿ ಟೀಚರ್ ನನ್ನ ಹತ್ತಿರ ಸರಿದು, ತಮ್ಮ ಮನೆಯ ಗ್ಯಾಲರಿಯಲ್ಲೂ ಎರಡು ಇವೆ ಎಂದು ಪಿಸುಗುಟ್ಟಿದರು. ಕಿಶೋರ ಮೊಬೈಲನ್ನು ಮೆಲ್ಲಗೆ ಕಿಸೆಗಿಳಿಸಿ ಬೇಗ ಬೇಗ ಹೆಜ್ಜೆ ಹಾಕಿದ. ಸ್ನೇಹಲಳ ಫಲಕ ಮತ್ತೆ ತಲೆಗಿಂತ ಎತ್ತರಕ್ಕೆ ಏರಿತ್ತು. ಅದನ್ನು ನೋಡಿ ನನಗೆ ಅಳುವೇ ಬಂದಂತಾಯಿತು.

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಸಂತೋಷವಾದರೆ ನನಗೆ ಬಾಯಿ ನಿಲ್ಲುವುದಿಲ್ಲ. "ಮಕ್ಕಳೇ, ಎಲ್ಲಾ ಕಲ್ಲುಗಳನ್ನು ನನ್ನ ಮನೆಗೆ ತಂದುಕೊಡಿ. ನಾನು ಸರ್ಕಾರಕ್ಕೆ ಜಮಾ ಮಾಡಿಸುತ್ತೇನೆ!" ಎಂದು ಹಿಂದಿಯಲ್ಲಿ ಘೋಷಿಸಿ, ವಿಳಾಸವನ್ನೂ ಕೊಟ್ಟು, ಸೂಟ್‌ಕೇಸನ್ನು ಮನೆಬಾಗಿಲಿಗೆ ಎಳೆದು ತಂದು ನಿಲ್ಲಿಸಿ ಅಂಗಡಿಗೆ ಹೋದೆ.

ಸಂಜೆ ಮರಳಿ ಬಂದಾಗ ಬಾಗಿಲಿನ ಮುಂದೆಯೇ ಎಡವಿದೆ. ಅದೇ ಕಾಲು, ಅದೇ ಹೆಬ್ಬೆರಳು. ಗೋಡೆಗುಂಟ ಸೊಂಟದೆತ್ತರ ಕಲ್ಲಿನ ರಾಶಿ. ನನ್ನ ಹತ್ತು ಬಿಟ್ಟು ಅರವತ್ತೊಂದು! ಕಾಣೆಯಾದವು ಮೂವತ್ತನಾಲ್ಕು, ಸಿಕ್ಕಿದ್ದು ಎಪ್ಪತ್ತೊಂದು. ಉಳಿದವು ಯಾವ ಊರಿನ ಫುಟ್‌ಪಾತಿನವು ಎಂದು ತಿಳಿಯದೆ ನಾನು ಅದರ ಮೇಲೆಯೇ ಕುಸಿದು ಕೂತೆ.

ಒಳಗಿನಿಂದ ಶಿವಕುಮಾರಿ ಬಂದಳು. "ರೀ, ನೆಲ ಡೊಂಕೈತಿ, ಫ್ರಿಜ್ಜು ವಾಲಿ ಮೊಸರೆಲ್ಲ ಚೆಲ್ಲೇತಿ. ಇದರಾಗಿಂದ ನಾಕು ಒಳಗ ತಗೊಳ್ಳಲೇನು?"

"ನೋ ಮಮ್ಮಿ! ಸರ್ಕಾರೀ ಹೈ," ಎಂದಳು ಹೊಸ್ತಿಲಲ್ಲಿ ವಹಿ ಹಿಡಿದು ಕೂತಿದ್ದ ಸ್ನೇಹಲ್. ಕೊನೆಯ ಪುಟದಲ್ಲಿ ಮೂರು ಚಕ್ರದ ಸೂಟ್‌ಕೇಸ್ ಎಳೆಯುತ್ತಿರುವ ನನ್ನ ಚಿತ್ರ ಬರೆದಿದ್ದಳು. ನಿಜ ಹೇಳುತ್ತೇನೆ, ನಾನು ಅಷ್ಟು ದಪ್ಪ ಇಲ್ಲ.

ಸೋಮವಾರ ವಾರ್ಡ್ ಆಫೀಸಿನವನೊಬ್ಬ ನನ್ನ ದೂರಿನ ತನಿಖೆಗೆಂದು ಬಂದ. ರಾಶಿಯ ಫೋಟೋ ತೆಗೆದ, ಅವ್ವ ಕೊಟ್ಟ ಚಹಾ ಕುಡಿದ, ಹೋದ. ಸಂಜೆಗೆ ಮೊಬೈಲಿಗೆ ಮೆಸೇಜು ಬಂತು: 'ನಿಮ್ಮ ದೂರು ಪರಿಹಾರವಾಗಿದೆ. ಕಾಣೆಯಾದ ಕಲ್ಲುಗಳು ದೂರುದಾರರ ಮನೆಯ ಬಾಗಿಲಲ್ಲೇ ಪತ್ತೆಯಾಗಿವೆ. ಏಳು ದಿನದೊಳಗೆ ಸ್ವಂತ ಖರ್ಚಿನಲ್ಲಿ ತೆರವುಗೊಳಿಸುವುದು. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುವಿರಿ?'

ಸ್ನೇಹಲ್ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ನಿಧಾನವಾಗಿ ಓದಿದಳು.

"ಪಪ್ಪಾ, ಸಚ್ ಬೋಲನಾ ಹೈ ನಾ? ನೀವು ಹುಡುಕರಿ ಅಂದ್ರಿ, ಅವರು ಹುಡುಕಿದ್ರು," ಎಂದು ಐದಕ್ಕೆ ಐದು ಒತ್ತಿದಳು.