ಉತ್ತರ ಧ್ರುವದ ದವಡೆ

ನನ್ನ ಸೋದರಮಾವನಿಗೆ ಮಂಡ್ಯದಲ್ಲಿ ಬೇಕಾದವರು ಯಾರೂ ಇರಲಿಲ್ಲ. ಅವರಿಗೆ ಬೇಕಾದವರೆಲ್ಲ ಸತ್ತು ಕೋಟ್ಯಂತರ ವರ್ಷಗಳಾಗಿದ್ದವು. ಎಲ್ಲರೂ ಮೀನುಗಳು.

ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾನು ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲಕ್ಕೆ ಓದುತ್ತೇನೆ ಎಂಬ ನೆಪದಲ್ಲಿ ಅವರ ಮನೆಯಲ್ಲಿ ಬೀಡುಬಿಟ್ಟಿದ್ದವನು. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಅಮಲ್ದಾರರ ಕೆಮ್ಮು, ಪುರೋಹಿತರ ಆಕಳಿಕೆ, ಮಾವನ ‘ಅಂದರೇನಪ್ಪಾ’, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ ಮಾವ ಯಾವುದೋ ಪತ್ರಿಕೆಯಲ್ಲಿ, ಉತ್ತರ ಧ್ರುವದ ಹತ್ತಿರದ ದ್ವೀಪವೊಂದರ ಬಂಡೆಯಲ್ಲಿ ಪುರಾತನ ಮೀನಿನ ದವಡೆ ಸಿಕ್ಕಿದೆ ಎಂದು ಓದಿ, ಅದನ್ನು ಇಟ್ಟುಕೊಂಡಿದ್ದ ಪರದೇಶದ ವಸ್ತುಸಂಗ್ರಹಾಲಯಕ್ಕೆ ಕಾಗದ ಬರೆದರು. ಅಲ್ಲಿನವರು ಪಾಪ, ಸಜ್ಜನರು. ದವಡೆಯ ಪಡಿಯಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು ಹತ್ತಿಯಲ್ಲಿ ಸುತ್ತಿ ಕಳಿಸಿದರು. ಜೊತೆಗೆ ಒಂದು ಸಾಲು: ‘ಇದು ಯಾವ ಮೀನಿನ ಬಳಗಕ್ಕೆ ಸೇರಿದ್ದೆಂದು ಇನ್ನೂ ತೀರ್ಮಾನವಾಗಿಲ್ಲ, ತಮ್ಮ ಅಭಿಪ್ರಾಯಕ್ಕೆ ಸ್ವಾಗತ.’ ಮದುವೆಯ ಕಾಗದದಲ್ಲಿ ‘ಸಕುಟುಂಬ ಸಪರಿವಾರ’ ಎಂದು ಅಚ್ಚಾಗಿದ್ದರೆ ಬೀದಿಯ ನಾಯಿಯನ್ನೂ ಕರೆದುಕೊಂಡು ಹೊರಡುವ ಜಾತಿ ನಮ್ಮ ಮಾವ. ಆ ಒಂದು ಸಾಲನ್ನು ಹುಕುಂ ಎಂದೇ ತಿಳಿದರು.

ಪಡಿಯಚ್ಚು ಮನೆಯೊಳಗೆ ಬರುವುದೇ ಕಷ್ಟವಾಯಿತು. ಅತ್ತೆ ಹೊಸಿಲಿಗೆ ಅಡ್ಡ ನಿಂತರು.

“ಮೀನಿನ ಮೂಳೆ ತಂದು ದೇವರಮನೆ ಪಕ್ಕ ಇಡ್ತೀರಾ? ನಾಳೆ ಮೀನನ್ನೇ ತಂದು ಹುರಿ ಅಂತೀರಿ.”

“ಇದು ಮೂಳೆಯಲ್ಲ ಕಣೇ. ಮೂಳೆಯ ಆಕಾರ, ಅಷ್ಟೇ. ಬರೀ ಬಿಳೀ ಪುಡಿ. ನೀನು ರಂಗೋಲಿ ಹಾಕ್ತೀಯಲ್ಲ, ಹಾಗೆ ಅಂತಿಟ್ಕೋ. ಪುಡಿಗೆಂಥ ಮೈಲಿಗೆ?”

ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮಾವನ ಆಯುಷ್ಯದಲ್ಲಿ ಅತ್ತೆ ಒಪ್ಪಿದ ಒಂದೇ ವಾದ ಇದು.

ಹಳೆಯ ದವಡೆ ಗೊತ್ತಾಗಬೇಕಾದರೆ ಹೊಸ ದವಡೆಗಳ ಜೊತೆ ಇಟ್ಟು ನೋಡಬೇಕಂತೆ. ಮೀನಿನಂಗಡಿಯ ಕಡೆ ಮೇಷ್ಟ್ರು ಕಾಲಿಟ್ಟರೆ ಸಾಯಂಕಾಲದೊಳಗೆ ಊರಿಗೆಲ್ಲ ಸುದ್ದಿ. ಅದಕ್ಕೇ ಸೈಕಲ್ ರಿಪೇರಿ ಸಾಹೇಬರನ್ನು ಹಿಡಿದರು. ಅವರ ಮನೆಯಲ್ಲಿ ಮೀನು ಬೇಯಿಸಿದ ದಿನ ಮೂಳೆಗಳನ್ನೆಲ್ಲ ಎತ್ತಿಡಬೇಕು ಎಂದು ಕರಾರು. ಎರಡು ತಿಂಗಳಾದ ಮೇಲೆ ಸಾಹೇಬರು ಪಂಕ್ಚರ್ ಹಾಕುತ್ತಾ ದುಃಖ ತೋಡಿಕೊಂಡರು.

“ಮೇಷ್ಟ್ರೇ, ನಮ್ಮನೇಲಿ ಈಗ ಯಾರೂ ನೆಮ್ಮದಿಯಾಗಿ ಉಣ್ಣೋ ಹಾಗಿಲ್ಲ. ಮಕ್ಕಳು ತಲೆ ಚೀಪೋಕೆ ಹೋದ್ರೆ ನಮ್ಮ ಬೀಬಿ ‘ಏಯ್, ದವಡೆ ಮೇಷ್ಟ್ರದ್ದು’ ಅಂತ ಕೈಗೆ ಹೊಡೀತಾಳೆ.”

ಅಷ್ಟಕ್ಕೇ ಮಾವ ಸುಮ್ಮನಾಗಲಿಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ, ಮರಿಗಳ ಬಾಯಿಂದ ಜಾರಿದ ಮೀನುಗಳು ಹುಣಿಸೇ ಮರದ ಕೆಳಗೆ ಬಿದ್ದಿರುತ್ತವೆ ಎಂದು ಯಾರೋ ಹೇಳಿದರು. ಯಾರು ಹೇಳಿದರೋ, ಅವರಿಗೆ ಒಳ್ಳೆಯದಾಗದಿರಲಿ. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ, ಗಾಡಿ ಸಿಗದ ದಿನ ನನ್ನ ಕಾಲು. ನಾನು ಗೋಣಿಚೀಲ ಹಿಡಿದು ಮರದ ಕೆಳಗೆ ನಿಲ್ಲುವುದು, ಮೇಲಿಂದ ಕೊಕ್ಕರೆಗಳು ನನ್ನ ತಲೆಗೆ ಸುಣ್ಣ ಬಳಿಯುವುದು. ಹಕ್ಕಿಗಳ ಗೊಬ್ಬರ ಗುಡಿಸಿ ತುಂಬಿಕೊಳ್ಳಲು ಮಂಕರಿ ತಂದ ಹೆಂಗಸೊಬ್ಬಳು ನಮ್ಮನ್ನು ಬಹಳ ಹೊತ್ತು ನೋಡಿದಳು.

“ಅದೇನ್ ಸ್ವಾಮಿ ಆಯ್ತಾ ಇದ್ದೀರಿ?”

“ಮೂಳೆ ಕಣಮ್ಮ.”

“ಗೊಬ್ರ ಬೇಕಾದ್ರೆ ಒಂದ್ ಮಂಕ್ರಿ ಓಗ್ಲಿ ಅಂತ ಕೊಡ್ತೀನಿ. ಎರಿಗೆಗೆ ಬಂದಿರೋ ಎಣ್ಮಕ್ಳು ಇದ್ದಂಗೆ ನಮ್ಗೆ ಈ ಅಕ್ಕಿಗೋಳು. ಬಾಣಂತೀರ್ ಎಂಜ್ಲು ಯಾಕ್ ಬೇಕು ನಿಮ್ಗೆ, ಬುಡಿ ಅತ್ಲಾಗೆ.”

ಮಾವ ಅವಳಿಗೆ ಉತ್ತರ ಧ್ರುವದ ವಿಚಾರ ಹೇಳತೊಡಗಿದರು. ಅವಳು ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ಮೆಲ್ಲಗೆ, “ಎಷ್ಟ್ ದಿನದಿಂದ ಇಂಗೆ ನಿಮ್ ಯಜಮಾನ್ರು?” ಎಂದಳು.

ಮೂಳೆಗಳಿಗೆ ಜಾಗ ದನದ ಕೊಟ್ಟಿಗೆಯ ಅಟ್ಟ. ಒಂದೊಂದು ಸಲ ಮುಟ್ಟಿದಾಗಲೂ ಬಾವಿಯ ಹತ್ತಿರ ತಣ್ಣೀರು ಸ್ನಾನ. ನೀರು ಸೇದುವವನು ಯಾರು ಎಂದು ಬೇರೆ ಹೇಳಬೇಕೇ? ಪಡಿಯಚ್ಚಿನ ಮೂತಿಯಿಂದ ಹೊರಟ ಮಾವ, ತಿಂಗಳಿಗೆ ಒಂದು ಬೆರಳಗಲದಂತೆ ಅಳೆದು, ಚಿತ್ರ ಬರೆದು, ಎರಡು ವರ್ಷಕ್ಕೆ ಅಂತೂ ಹಿಂದಿನ ತುದಿಯ ಹತ್ತಿರಕ್ಕೆ ಬಂದರು. ಆ ತುದಿಯಲ್ಲಿ ದವಡೆ ತಲೆಬುರುಡೆಗೆ ಕೂಡುವ ಕೀಲು. ಈ ಮೀನು ನೀರಿನಲ್ಲೇ ಉಳಿದವರ ಪೈಕಿಯೋ, ಮುಂದೆ ಕಾಲು ಮೂಡಿಸಿಕೊಂಡು ದಡ ಹತ್ತಿದವರ ಪೈಕಿಯೋ ಎನ್ನುವುದು ಆ ಕೀಲಿನ ಆಕಾರದ ಮೇಲೆ ನಿಂತಿತ್ತು.

“ಸಂಕ್ರಾಂತಿಗೆ ಮುಗಿಸ್ತೀನಿ ಕಣೋ” ಎಂದರು ಮಾವ. ನಾನು ನಂಬಿ ದೇವರಿಗೆ ಕೈ ಮುಗಿದೆ.

ಸಂಕ್ರಾಂತಿಗೆ ಮೊದಲು ಧನುರ್ಮಾಸ ಬರುತ್ತದೆ. ಬೆಳಗಿನ ಜಾವ ಬಾಗಿಲ ಮುಂದೆ ದೊಡ್ಡ ರಂಗೋಲಿ ಬೀಳಬೇಕು. ಆ ವಾರ ರಂಗೋಲಿ ಪುಡಿ ಮಾರುವವಳು ಬೀದಿಗೆ ಬರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಿನಿಂದ ಕುಟಾಣಿಯ ಸದ್ದು ಕೇಳಿ ಹೋದರೆ, ಅತ್ತೆಯ ಮುಂದೆ ಹತ್ತಿ, ಹತ್ತಿಯಲ್ಲಿ ದವಡೆ. ದವಡೆಗೆ ಹಿಂಭಾಗವಿರಲಿಲ್ಲ.

“ಹಲ್ಲಿರೋ ಕಡೆ ಮುಟ್ಟಿಲ್ಲಪ್ಪ” ಎಂದರು ಅತ್ತೆ, ನನ್ನ ಮುಖ ನೋಡಿ. “ಹಿಂದೆ ದಪ್ಪಗೆ ಸುಮ್ಮನೆ ಇತ್ತಲ್ಲ, ಅದನ್ನ ತಗೊಂಡೆ. ಬರೀ ಪುಡಿ ಅಂತ ಅವರೇ ಹೇಳಿದ್ರು.”

ಕೀಲಿನ ಕಥೆ ಹೇಳಿದಾಗ ಅತ್ತೆ ಅಲ್ಲೇ ಕೂತುಬಿಟ್ಟರು. “ಹೇಳಬೇಡ್ವೋ” ಎಂದರು, ಎರಡು ಸಲ. ಹೇಳಲಿಲ್ಲ. ಮುರಿದ ಕಡೆ ನಾನೇ ಉಜ್ಜಿ, ಸುಣ್ಣ ಸವರಿ, ಹತ್ತಿ ಸುತ್ತಿಟ್ಟೆ.

ಸಿಡಿಲು ಇವತ್ತು ಬಡಿಯುತ್ತದೆ, ನಾಳೆ ಬಡಿಯುತ್ತದೆ ಎಂದು ಕಾದೆವು. ಮಾವ ಒಂದು ದಿನ ಬಾಗಿಲಲ್ಲಿ ನಿಂತು ರಂಗೋಲಿಯನ್ನು ಸ್ವಲ್ಪ ಹೊತ್ತು ನೋಡಿದರು, ಒಳಗೆ ಬಂದು ಕಾಫಿ ಕುಡಿದರು. ಆಮೇಲೆ ನನ್ನನ್ನು ಕರೆದು, “ಕೀಲು ಬೇಡ ಕಣೋ. ಹಲ್ಲೇ ಸಾಕು. ಮೊದಲಿಂದ ಶುರು ಮಾಡೋಣ” ಎಂದರು.

ಮೊದಲಿಂದ! ಮತ್ತೆ ಬೆಳ್ಳೂರು, ಮತ್ತೆ ಸಾಹೇಬರು, ಈ ಸಲ ಬಾಳೆಮೀನಿನ ಹಲ್ಲಿಗೆಂದು ಮಳವಳ್ಳಿಗೂ ನಾಲ್ಕು ಸಲ. ಎರಡು ವರ್ಷ ಮೈಕೈ ನೋವಿನ ಮಧ್ಯೆ ನನಗಿದ್ದ ಒಂದೇ ಸುಖ, ಗೆಳೆಯರ ಮುಂದೆ ಮಾವನ ದನಿ ತೆಗೆಯುವುದು: “ಅಂದರೇನಪ್ಪಾ, ಧ್ರುವದ ಮೂಳೆ ಓದಬಲ್ಲೆ, ಮನೆಯಲ್ಲಿ ಮುರಿದದ್ದು ಕಾಣೆ.” ಎಲ್ಲರೂ ನಗುತ್ತಿದ್ದರು. ನಾನೂ.

ಹಲ್ಲಿನ ಆಧಾರದ ಮೇಲೆ ಅಭಿಪ್ರಾಯ ಬರೆದು, ಯುದ್ಧದ ನಡುವೆಯೇ ಟಪಾಲಿಗೆ ಹಾಕಿದರು. ಉತ್ತರವಿಲ್ಲ. ಯುದ್ಧ ಮುಗಿದ ಮೇಲೆ, ಮೈತುಂಬ ಮುದ್ರೆ ಹೊಡೆಸಿಕೊಂಡು ಅವರ ಲಕೋಟೆಯೇ ವಾಪಸು ಬಂತು. ವಿಳಾಸಕ್ಕೆ ಮುಟ್ಟಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ಮಾವನ ಕಣ್ಣಿಗೆ ಪೊರೆ ಬಂದಿತ್ತು, ಲಕೋಟೆ ಒಡೆದು ಇಂಗ್ಲಿಷ್ ಓದುವ ಕೆಲಸ ನನ್ನದಾಯಿತು.

“ಏನ್ ಬರೆದಿದ್ರು, ಕನ್ನಡದಲ್ಲಿ ಹೇಳೋ” ಎಂದರು ಅತ್ತೆ, ಅಡುಗೆಮನೆ ಬಾಗಿಲಲ್ಲಿ.

“ಅದೆಲ್ಲ ಯಾಕೀಗ” ಎಂದರು ಮಾವ.

ನಾನು ಮಾವನ ದನಿಯಲ್ಲೇ ಗತ್ತಿನಿಂದ ಓದತೊಡಗಿದೆ. ಎರಡನೆಯ ಹಾಳೆಯಲ್ಲಿ ನಿಂತೆ.

“ಯಾಕೋ?”

ಹೇಳಿದೆ. ಅಲ್ಲಿ ಬರೆದಿತ್ತು: ‘ಪಡಿಯಚ್ಚಿನ ಹಿಂಭಾಗ ನನ್ನ ಕೈಜಾರಿ ಬಿದ್ದು ಪುಡಿಯಾಯಿತು. ತಪ್ಪು ಸಂಪೂರ್ಣ ನನ್ನದು. ಆದ್ದರಿಂದ ಕೀಲಿನ ವಿಷಯದಲ್ಲಿ ಅಭಿಪ್ರಾಯ ಹೇಳುವ ಅರ್ಹತೆ ನನಗಿಲ್ಲ.’ ಇದನ್ನು ಓದುವಾಗ ಬಂದ ದನಿ ಮಾವನದಲ್ಲ. ನನ್ನದೇ ಇರಬೇಕು.

ಅತ್ತೆ ಅಡುಗೆಮನೆಯಿಂದ ಈಚೆ ಬಂದರು. “ಯಾವತ್ತು ಜಾರಿದ್ದು?” ಎಂದರು.

“ಧನುರ್ಮಾಸದಲ್ಲಿ” ಎಂದರು ಮಾವ, ಗೋಡೆ ನೋಡುತ್ತಾ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ರಂಗೋಲಿಯಲ್ಲಿ ಕಮಲವಿಲ್ಲ, ತೇರಿಲ್ಲ. ಉದ್ದಕ್ಕೆ ಒಂದು ದವಡೆ. ಒಂದು ಸಲ ನೋಡಿದ ಎಳೆಯನ್ನು ಮರೆಯದ ಕೈ ಅತ್ತೆಯದು. ಕುಟ್ಟುವ ಮುಂಚೆ ತಿರುಗಿಸಿ ಮುರುಗಿಸಿ ನೋಡಿದ್ದ ಆ ಹಿಂಭಾಗವನ್ನು, ಒಳಗುಳಿ, ಪಕ್ಕದ ದಿಂಡು, ಮೇಲಿನ ಸಣ್ಣ ಕೊಂಡಿಯ ಸಮೇತ ಎಳೆದಿದ್ದರು.

“ಹೀಗಿತ್ತು” ಎಂದರು. “ಈ ಗುಳಿ ಇನ್ನೊಂಚೂರು ಆಳ.”

ಮಾವ ಹೊಸಿಲಲ್ಲಿ ಮಂಡಿಯೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಕೊನೆಗೆ, “ಕಾಗದ ಪೆನ್ಸಿಲ್ ತಾರೋ” ಎಂದರು.

ಅವತ್ತು ಹಾಲಿನವನನ್ನು ಹಿತ್ತಲ ಬಾಗಿಲಿನಿಂದ ಕರೆದೆವು.