ನಿಂಬೆಹಣ್ಣು ಕಂಡರೆ ನಿಲ್ಲುವ ಕಾರು

ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ದೇವರಾಣೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಕಡೂರಿನಲ್ಲಿ ಪೇಪರ್ ಓದಿಕೊಂಡು ತೆಪ್ಪಗಿರುವವನು. ಆದರೂ ಎಲ್ಲಿ ಏನು ಎಡವಟ್ಟಾದರೂ ಪಕ್ಕದಲ್ಲಿ ನಾನಿರುತ್ತೇನೆ. ಇದಕ್ಕೆಲ್ಲ ಕಾರಣ ನನ್ನ ಬಾಲ್ಯದ ಗೆಳೆಯ, ನಮ್ಮ ಬೀದಿಯ ಕೊಬ್ಬರಿ ಮಂಡಿ ಸಾಹುಕಾರ. ಹಿಂದೆ ಎತ್ತಿನ ವ್ಯಾಪಾರ ಮಾಡಿದವನು, ಈಗ ಕರೆಂಟಿನ ಕಾರು ಕೊಂಡಿದ್ದಾನೆ. ಹೆಂಡತಿಯನ್ನು ಕೇಳದೆ ಕೊಂಡ ಎನ್ನುವುದನ್ನು ಮಾತ್ರ ತಾವು ನೆನಪಿಟ್ಟುಕೊಳ್ಳಬೇಕು.

ಸುಳಿ

ತರೀಕೆರೆಯ ಶೋರೂಮಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದ. ಮಾರಾಟದ ಯುವಕ ಕಾರಿನ ಬಾಗಿಲು ತೆಗೆದು, ಟಿ.ವಿ.ಯಷ್ಟು ಅಗಲದ ಪರದೆ ತೋರಿಸಿ, "ಕೂತ್ಕೊಳ್ಳಿ ಸಾರ್" ಅಂದ. ನಮ್ಮವನು ಕೂರಲಿಲ್ಲ. ಕಾರಿನ ಸುತ್ತ ಬಂದ. ಬೆನ್ನು ತಟ್ಟಿದ. ಬಗ್ಗಿ ಹೊಟ್ಟೆಯ ಕೆಳಗೆ ಇಣುಕಿದ. ಮೂತಿಯ ಮೇಲೆ ಬೆರಳಾಡಿಸಿದ.

"ಏನು ಹುಡುಕ್ತಿದ್ದೀರಿ ಸಾರ್?"

"ಸುಳಿ."

ಎತ್ತಿನ ಮೈಮೇಲೆ ಕೂದಲ ಸುಳಿ ಕೆಟ್ಟ ಜಾಗದಲ್ಲಿದ್ದರೆ ಆ ಎತ್ತು ಮನೆಗೆ ಆಗಿಬರುವುದಿಲ್ಲ ಅಂತ ಇವರ ಲೆಕ್ಕ. ಆದರೆ ಪೇಂಟಿನಲ್ಲಿ ಸುಳಿ ಹುಡುಕಿದವನನ್ನು ನಾನು ಕಂಡದ್ದು ಅವತ್ತೇ. ಯುವಕ ಪಾಪ, ಸಮಾಧಾನವಾಗಿ, "ಇದು ಫ್ಯಾಕ್ಟರಿ ಪೇಂಟ್ ಸಾರ್, ಒಂದು ಗೀರೂ ಕಾಣಲ್ಲ" ಅಂದ.

ನಮ್ಮವನು ನನ್ನ ಕಿವಿಯಲ್ಲಿ, "ಹಂಗಾದ್ರೆ ಬಣ್ಣ ಹೊಡೆದು ಮುಚ್ಚವ್ರೆ ಕಣೋ" ಅಂದ.

ಟವೆಲ್ಲಿನ ಕೆಳಗೆ

ಬೆಲೆ ಕೇಳಿ ನಾನಂತೂ ಹತ್ತಿರವಿದ್ದ ಸೋಫಾದಲ್ಲಿ ಕುಸಿದೆ. ಯುವಕ ವಿವರಿಸಿದ. ಬ್ಯಾಟರಿ ಒಂದು ದೇಶದ್ದು, ಕಂಪ್ಯೂಟರ್ ಚಿಪ್ ಇನ್ನೊಂದು ದೇಶದ್ದು, ಹಡಗಿನ ಬಾಡಿಗೆ ಏರಿದೆ, ಬಂದರಿನಲ್ಲಿ ಸುಂಕ ಬೇರೆ.

ಸಾಹುಕಾರ ಎಲ್ಲ ಕೇಳಿ, "ನನ್ನ ಕೊಬ್ಬರಿ ಊರು ಬಿಟ್ಟು ಹೋದ್ರೆ ಲಾರಿ ಬಾಡಿಗೆ ನಂದು. ಇವರ ಬ್ಯಾಟ್ರಿ ಊರಿಗೆ ಬಂದ್ರೂ ಬಾಡಿಗೆ ನಂದೇ. ಭೂಮಿ ಮೇಲೆ ಬಾಡಿಗೆ ಕೊಡೋಕೆ ಹುಟ್ಟಿದೋನು ನಾನೊಬ್ನೇನಪ್ಪಾ?" ಅಂದ. ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿದ ನಾನು ಕಾರಿನ ಬಣ್ಣಗಳ ಪಟ್ಟಿ ನೋಡತೊಡಗಿದೆ.

ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಯುವಕನ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದ. ಎತ್ತಿನ ಸಂತೆಯಲ್ಲಿ ದರವನ್ನು ಬಾಯಲ್ಲಿ ಕೂಗುವುದಿಲ್ಲ, ಹೀಗೆ ಮರೆಯಲ್ಲಿ ಬೆರಳು ಒತ್ತಿ ಹೇಳುವುದು. ಟೈ ಕಟ್ಟಿದ ಆ ಹುಡುಗನಿಗೆ ಇದೇನು ಗೊತ್ತು. ಬೆವೆತುಹೋದ. ಅವನು ಉಸಿರೆತ್ತದ್ದನ್ನು ಕಂಡು ನಮ್ಮವನು ಇವನ್ಯಾರೋ ಗಟ್ಟಿ ವ್ಯಾಪಾರಿ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತಿದ.

"ಸಾರ್, ಮ್ಯಾಟು, ಸೀಟ್ ಕವರು ಎಲ್ಲಾ ಫ್ರೀಯಾಗಿ ಹಾಕಿಸ್ತೀನಿ. ಕೈ ಬಿಡಿ."

ಹೊರಗೆ ಬಂದು ಸಾಹುಕಾರ ಟವೆಲ್ ಕೊಡವಿದ. "ನೋಡ್ದಾ? ಓದ್ದೋರೂ ಬೆರಳಿಗೆ ಬಗ್ತಾರೆ."

ಅತ್ತಿಗೆಯ ಷರತ್ತು

ಕಾರು ಮನೆ ಮುಂದೆ ನಿಂತಾಗ ಅವನ ಹೆಂಡತಿ, ನಾನು ಅತ್ತಿಗೆ ಅನ್ನುವವರು, ಜಗಲಿಯಿಂದ ಇಳಿಯಲೇ ಇಲ್ಲ. ನಿಂತಲ್ಲೇ ತೀರ್ಪು ಕೊಟ್ಟರು.

"ಅಜ್ಜಂಪುರದಲ್ಲಿ ನಮ್ಮಣ್ಣನ ಮನೆ ಗೃಹಪ್ರವೇಶ ಐತೆ. ಅಲ್ಲಿಗೆ ಮರ್ಯಾದೆಯಾಗಿ ಕರ್ಕೊಂಡು ಹೋದ್ರೆ ಇದು ಇರ್ಲಿ. ದಾರೀಲಿ ಮಾನ ಕಳೆದ್ರೆ ಮಾರನೇ ದಿನ ಮಾರ್ಬೇಕು. ಮೇಷ್ಟ್ರು ಸಾಕ್ಷಿ, ಅವರೂ ಬರ್ಲಿ."

ಸಾಹುಕಾರನ ಮುಖ ಸಣ್ಣದಾಯಿತು. ಆ ಕಾರಿನ ಮೇಲೆ ಅವನಿಗೆ ಅಷ್ಟು ಆಸೆ. ರಾತ್ರಿಯೆಲ್ಲ ಎದ್ದೆದ್ದು ಬಂದು ಮೈ ಸವರಿ ಹೋಗುತ್ತಿದ್ದನಂತೆ. ಆದ್ದರಿಂದ ಹೊರಡುವ ದಿನ ಪೂಜೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ವಿಭೂತಿ ಬಳಿದ, ಹಾರ ಹಾಕಿದ, ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿಯ ದಪ್ಪ ಸರ ಇಳಿಬಿಟ್ಟ.

ಬೀರೂರಿನ ಬಜಾರು

ಸಾಹುಕಾರನೇ ಓಡಿಸಿದ, ಪಕ್ಕದಲ್ಲಿ ನಾನು, ಹಿಂದೆ ಅತ್ತಿಗೆ. ಬೀರೂರಿನವರೆಗೆ ಏನೂ ತೊಂದರೆಯಿಲ್ಲ. ಬಜಾರಿನಲ್ಲಿ ನಿಧಾನ ಮಾಡಿದ್ದೇ ತಡ, ಕಾರು ಕುಂಯ್ ಕುಂಯ್ ಎಂದು ಬಡಿದುಕೊಂಡು ಗಕ್ಕನೆ ನಿಂತಿತು. ಮುಂದೆ ನೊಣವೂ ಇಲ್ಲ. ಬಿಟ್ಟರೆ ಎರಡು ಮಾರು ಹೋಗಿ ಮತ್ತೆ ನಿಲ್ಲುತ್ತದೆ. ಹಿಂದೆ ಬಸ್ಸು, ಆಟೋ, ಹೂವಿನ ಗಾಡಿ ಸಾಲುಗಟ್ಟಿದವು, ಒಂದೇ ಸಮನೆ ಹಾರನ್ ಸದ್ದು. ಸಾಹುಕಾರ ಕೆಳಗಿಳಿದು ಬಾನೆಟ್ ನೇವರಿಸುತ್ತ, "ಹೋ ಹೋ, ಬಾ ಮಗ, ಬಾ" ಅಂದ. ಹಣ್ಣಿನಂಗಡಿಯವನು, "ಅಣ್ಣಾ, ಬಾಲ ಮುರೀರಿ" ಅಂತ ಕೂಗಿದ.

ನಾನು ಶೋರೂಮಿಗೆ ಫೋನ್ ಮಾಡಿದೆ. ಅದೇ ಯುವಕ. "ಮುಂದೆ ಏನಾದ್ರೂ ಕಟ್ಟಿದ್ದೀರಾ ಸಾರ್?"

"ನಿಂಬೆಹಣ್ಣಿನ ಸರ."

"ಗಾಡಿ ನಿಧಾನ ಆದಾಗ ಅದು ಸೆನ್ಸರ್‌ಗೆ ಅಡ್ಡ ಬರ್ತಿದೆ. ಯಾರೋ ಎದುರಿಗೆ ನಿಂತಿದ್ದಾರೆ ಅಂದ್ಕೊಂಡಿದೆ. ಬಿಚ್ಚಿಬಿಡಿ."

ಸಾಹುಕಾರ ಸುತರಾಂ ಒಪ್ಪಲಿಲ್ಲ. "ಬಿಚ್ಚೋಕಾಗಲ್ಲ ಕಣ್ಲಾ. ಅವಳಣ್ಣನ ಕಣ್ಣು ಬೀಳ್ಬಾರ್ದು ಅಂತ್ಲೇ ಕಟ್ಟಿರೋದು."

ಹಿಂದಿನ ಸೀಟಿನ ಕಿಟಕಿಯ ಗಾಜು ಇಳಿದಿದೆ ಎನ್ನುವುದನ್ನು ಅವನು ಗಮನಿಸಿರಲಿಲ್ಲ. ಅತ್ತಿಗೆ ಇಳಿದು ಬಂದು ಸರ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡರು. "ನಮ್ಮಣ್ಣನ ಕಣ್ಣಿನ ವಿಚಾರ ಆಮೇಲೆ. ಊರವರ ಕಣ್ಣೆಲ್ಲ ಬಿದ್ದಾಯ್ತು. ನಾಳೆ ಮಾರಿ."

ಅಜ್ಜಂಪುರದ ದಾರಿ

ಊರು ದಾಟಿದ ಮೇಲೆ ಸಾಹುಕಾರ ತಡೆಯಲಾರದೆ ಹಿಂದಕ್ಕೆ ತಿರುಗಿ, "ಒಂದು ನಿಂಬೆಹಣ್ಣಿನ ತಪ್ಪಿಗೆ ಗಾಡಿ ಮಾರೋದು ನ್ಯಾಯಾನೇನೇ?" ಅಂತ ಶುರು ಮಾಡಿದ. ಟಿಣ್ ಎಂದಿತು. ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

ಅತ್ತಿಗೆ ಬೆಚ್ಚಿದರು. "ಯಾರದು?"

"ಕಾರು" ಅಂದೆ. "ಮಾತು ಸಾಕು, ರಸ್ತೆ ನೋಡಿ ಓಡಿಸಿ ಅಂತಿದೆ." ಮಾತು ಸಾಕು ಎನ್ನುವುದು ನಾನು ಸೇರಿಸಿದ್ದು.

ಸಾಹುಕಾರ ಬಾಯಿ ಮುಚ್ಚಿದ. ಸಿಟ್ಟಿಗೆ ಜೋರಾಗಿ ಓಡಿಸಿದ. ಟಿಣ್. "ನಿಧಾನ ಅಂತೆ" ಅಂದೆ. ಆಕಳಿಸಿದ. ಟಿಣ್. "ಸುಸ್ತಾಗಿದೆ, ನಿಲ್ಲಿಸಿ ಕಾಫಿ ಕುಡೀರಿ ಅಂತೆ." ನಿಲ್ಲಿಸಿ, ಕಾರು ಆಫ್ ಮಾಡದೆ ಬೆಲ್ಟ್ ಬಿಚ್ಚಿದಾಗಲೂ ಅದು ಸುಮ್ಮನಿರಲಿಲ್ಲ.

"ಥೂ ಇದರ, ನೀನು ಹೇಳೋದೇ ಸರಿ ಕಣೇ. ನಾಳೇನೇ ಮಾರ್ತೀನಿ" ಅಂದ ಸಾಹುಕಾರ.

"ಮಾರಿ ನೋಡಿ" ಅಂದರು ಅತ್ತಿಗೆ. "ಮದ್ವೆ ಆದಾಗಿಂದ ನಾನು ಹೇಳಿದ್ದನ್ನೆಲ್ಲ ಇದು ಒಂದೇ ದಾರೀಲಿ ಹೇಳ್ತು. ನೀವು ತುಟಿ ಬಿಚ್ದೆ ಕೇಳಿದ್ರಿ. ಇದು ನಮ್ಮನೇಲೇ ಇರುತ್ತೆ."

ಅಜ್ಜಂಪುರದಲ್ಲಿ ಇಳಿದವರೇ ಬ್ಯಾಗಿನಿಂದ ಸರ ತೆಗೆದು, ಒಳಗೆ ಆ ದನಿ ಬರುವ ಜಾಗದ ಪಕ್ಕಕ್ಕೆ ತಾವೇ ಕಟ್ಟಿದರು, ದೃಷ್ಟಿಯಾಗದಿರಲಿ ಅಂತ.

ಸಾಹುಕಾರ ದಂಗಾಗಿ ನಿಂತು ನೋಡಿದ. ಆಮೇಲೆ ನನ್ನ ಭುಜ ಹಿಡಿದು ಪಿಸುಗುಟ್ಟಿದ.

"ಲೇ ಮೇಷ್ಟ್ರೇ, ಅವತ್ತು ಸುಳಿನ ಹೊರಗಡೆ ಹುಡುಕ್ಬಿಟ್ಟೆ ಕಣೋ. ಒಳಗಿತ್ತು."