ನಾಯಿ ನೋಡಿ ಪಳಗಿದ ಯಂತ್ರಕ್ಕೆ ಸೀರೆ ತೋರಿಸಿದ್ದು

ಯಂತ್ರಕ್ಕೆ ಪಾಠ ಹೇಳುವ ನೌಕರಿ ನನ್ನದು. ಒಂದೂರಿನಲ್ಲಿ ಕಲಿತದ್ದನ್ನು ಅದು ಇನ್ನೊಂದೂರಿನಲ್ಲಿ ಬಳಸಬೇಕು. ಆದರೆ ನಿಜಕ್ಕೂ ಏನು ಕಲಿಯಿತು ಎಂಬುದು ಪರೀಕ್ಷೆಯ ದಿನದವರೆಗೆ ನನಗೂ ಗೊತ್ತಿರುವುದಿಲ್ಲ. ಹೀಗಾಗಿ ನಗೆಪಾಟಲಿಗೆ ಬರವಿಲ್ಲ.

ಮುಧೋಳದಲ್ಲಿ

ಫೋಟೋ ನೋಡಿ ಅಪ್ಪಟ ಮುಧೋಳ ನಾಯಿ ಯಾವುದು, ಬೀದಿ ನಾಯಿ ಯಾವುದು ಎಂದು ಯಂತ್ರ ಹೇಳಬೇಕಿತ್ತು. ಫೋಟೋ ತೆಗೆಯಲು ಹೋದರೆ, ಸಾಕಿದವರು ಯಾರೂ ನಾಯಿಯನ್ನು ಒಂಟಿಯಾಗಿ ನಿಲ್ಲಿಸಲು ಒಪ್ಪಲಿಲ್ಲ. ತಲೆಗೆ ಪಟಗಾ ಸುತ್ತಿಕೊಂಡು ತಾವೂ ಪಕ್ಕದಲ್ಲಿ ನಿಂತರು. ಬೀದಿ ನಾಯಿಯ ಪಕ್ಕ ಯಾರು ನಿಲ್ಲುತ್ತಾರೆ?

ಪರೀಕ್ಷೆಯ ದಿನ ಪಟಗಾ ಸುತ್ತಿದ ಹಿರಿಯರೊಬ್ಬರು ನಾಯಿಯಿಲ್ಲದೆ ಕ್ಯಾಮರಾ ಮುಂದೆ ಹಾದುಹೋದರು. ಯಂತ್ರ ‘ಅಪ್ಪಟ ಮುಧೋಳ’ ಎಂದಿತು. ನಾಯಿ ಎನ್ನಿಸಿಕೊಂಡ ಹಿರಿಯರ ಕ್ಷಮೆ ಕೇಳಲು ನಾನು ಓಡಿದೆ.

ಹಿರಿಯರು ಮೀಸೆ ತಿರುವಿದರು. “ಖರೇನ ಹೇಳೇತಿ. ಮುತ್ತ್ಯಾನ ಕಾಲದಿಂದ ನಮ್ಮದು ಇದ ಊರು!”

ರಬಕವಿಯಲ್ಲಿ

ಅದೇ ಯಂತ್ರವನ್ನು ಸೀರೆಯ ದೋಷ ಹಿಡಿಯಲು ರಬಕವಿಗೆ ಒಯ್ದೆ. ಗೆರೆ, ಬಣ್ಣ, ಅಂಚು ಗುರುತಿಸುವುದು ಅದಕ್ಕೆ ಆಗಲೇ ಬರುತ್ತಿತ್ತಲ್ಲ. ಇಲ್ಲಿ ಎಡವಿದರೆ ನನ್ನ ನೌಕರಿ ಹೋಗುವುದು ಖಾತ್ರಿ. ಹೆದರಿಕೆಯೇನೋ ಇತ್ತು, ಆದರೆ ನಾಯಿ ನೋಡಿ ಕಲಿತದ್ದಕ್ಕೆ ಸೀರೆಯಲ್ಲಿ ಏನು ಕಾಣುತ್ತದೆ ಎಂಬ ಕುತೂಹಲ ಅದಕ್ಕಿಂತ ದೊಡ್ಡದಿತ್ತು.

ಮಗ್ಗದ ಮಾಲೀಕರ ಮನೆಯ ಫರಸಿ ಕಲ್ಲಿನ ನೆಲದ ಮೇಲೆ ಒಳ್ಳೆಯ ಸೀರೆಗಳ ಫೋಟೋ ತೆಗೆದೆ. “ಇನ್ನು ಕೆಟ್ಟವನ್ನು ಕೊಡಿ” ಎಂದೆ.

“ಕೆಟ್ಟ ಸೀರಿ? ನಮ್ಮ ಮನ್ಯಾಗ? ಬಾಜೂ ಮನ್ಯಾಗ ಕೇಳ್ರಿ, ಬೇಕಾದಷ್ಟ ಅದಾವ.”

ಪಕ್ಕದ ಮನೆಯ ನೇಕಾರ ಎಳೆ ತಪ್ಪಿದ ಸೀರೆಗಳನ್ನು ಚಾಪೆಯ ಮೇಲೆ ಹರವಿದ. “ತಗೀರಿ ಫೋಟೋ. ಆದ್ರ ನೇಯ್ದದ್ದು ಅವರ ಮನ್ಯಾಗರಿ. ನಮ್ಮ ಕಡೆ ರಿಪೇರಿಗೆ ಬಂದಾವ!”

ವ್ಯಾಪಾರಿ ಬಂದ ದಿನ

ಸೀರೆ ಕೊಳ್ಳುವ ವ್ಯಾಪಾರಿಯ ಎದುರು ಪರೀಕ್ಷೆ ನಡೆಯಿತು. ಮಾಲೀಕರು ಫರಸಿಯ ಮೇಲೆ ಸೀರೆ ಹಾಸಿದರು. ಯಂತ್ರ ‘ಛಲೋ’ ಎಂದಿತು. ವ್ಯಾಪಾರಿ ಅಲ್ಲೇ ಅಂಗೈಯಗಲ ಹರಿದ ಸೀರೆಯೊಂದನ್ನು ಹಾಸಿಸಿದರು. ಅದಕ್ಕೂ ‘ಛಲೋ’. ಪಕ್ಕದ ಮನೆಯಾತ ಚಾಪೆ ತಂದು ತನ್ನ ಹೊಚ್ಚಹೊಸ ಸೀರೆ ಹರವಿದ. ‘ಕೆಟ್ಟದ್ದು’.

ಆಗ ತಿಳಿಯಿತು: ಯಂತ್ರ ಸೀರೆಯನ್ನು ನೋಡಿಯೇ ಇರಲಿಲ್ಲ. ಫರಸಿ ಕಂಡರೆ ಛಲೋ, ಚಾಪೆ ಕಂಡರೆ ಕೆಟ್ಟದ್ದು. ನಾಯಿ ಬಿಟ್ಟು ಪಟಗಾ ನೋಡುವ ಚಟವನ್ನೇ ಇಲ್ಲಿಗೂ ಹೊತ್ತು ತಂದಿತ್ತು. ಖಾತ್ರಿ ಮಾಡಿಕೊಳ್ಳಲು ಚಾಪೆಯ ಮೇಲಿನ ಸೀರೆಯನ್ನೇ ಎತ್ತಿ ಫರಸಿಯ ಮೇಲೆ ಹಾಸಿದೆ. ‘ಛಲೋ’.

“ನೋಡ್ರಿ, ನಮ್ಮ ಮನಿಗೆ ಬಂದ ಕೂಡ್ಲೆ ಸುಧಾರಿಸ್ತು!” ಎಂದರು ಮಾಲೀಕರು.

ನೌಕರಿ ಹೋಯಿತೆಂದುಕೊಂಡು ನಾನು ಯಂತ್ರ ಬಿಚ್ಚತೊಡಗಿದೆ. “ತಪ್ಪಾಯಿತು. ಒಯ್ದು ಸರಿಯಾಗಿ ಕಲಿಸಿ ತರುತ್ತೇನೆ.”

ಮಾಲೀಕರು ಬಾಗಿಲಿಗೆ ಅಡ್ಡ ನಿಂತರು. “ಮುಟ್ಟಬ್ಯಾಡ್ರಿ! ಯಂತ್ರ ನಾನ ತಗೋತೇನಿ. ಆದ್ರ ಒಂದ ಮಾತು, ಇನ್ನ ಮ್ಯಾಲ ಇದಕ್ಕ ಏನೂ ಕಲಿಸಬಾರದು!”